ಸ್ಮಿತ್‌ನ ಸಂಬಳ ಸಾಕು, ಹಾಲಿನ ಸೊಸೈಟಿಯ ಲೆಕ್ಕ ಕೊಡಿ: ಡಿಬಿಎಂಎಸ್ ಪಾಠಪಟ್ಟಿ ಬರೆಯುವವರಿಗೆ ಕಾಸರಗೋಡಿನಿಂದ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾನು ಕಾಸರಗೋಡು ತಾಲೂಕಿನ ಒಂದು ಕಾಲೇಜಿನಲ್ಲಿ ಗೆಸ್ಟ್ ಲೆಕ್ಚರರ್. ಡಿಬಿಎಂಎಸ್ ಪೇಪರು (ಅಂದರೆ ಡೇಟಾಬೇಸ್, ಲೆಕ್ಕವನ್ನು ಕಂಪ್ಯೂಟರಿನಲ್ಲಿ ಟೇಬಲ್ ಮಾಡಿ ಇಡುವ ವಿದ್ಯೆ), ಅದರ ಲ್ಯಾಬು ಎರಡೂ ನನ್ನ ಪಾಲಿಗೆ ಬಂದಿವೆ. ಕೇರಳದಲ್ಲಿ 2024ರಿಂದ ನಾಲ್ಕು ವರ್ಷದ ಪದವಿ ಶುರುವಾಯಿತು. ಪೇಪರುಗಳ ಹೆಸರು ಬದಲಾಯಿತು, ಕ್ರೆಡಿಟ್ ಲೆಕ್ಕ ಬದಲಾಯಿತು. ನಮ್ಮ ಲ್ಯಾಬಿನ ಒಳಗೆ ನಡೆಯುವುದು ಮಾತ್ರ ಹಾಗೇ ಇದೆ. ಮುಂದಿನ ಸಲ ಪಾಠಪಟ್ಟಿ ತಿದ್ದಲು ಕೂರುವಾಗ ಒಂದು ವಿಷಯ ಯೋಚಿಸಿ ಎಂದು ಕೇಳಿಕೊಳ್ಳಲು ಈ ಪತ್ರ.

ಕನ್ನಡದಲ್ಲಿ ಬರೆದದ್ದಕ್ಕೆ ಬೇಸರ ಮಾಡಬೇಡಿ. ಗಡಿಭಾಗದ ಕನ್ನಡಿಗರು ಸರಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಬಹುದು ಎಂದು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯೇ ಹೇಳುತ್ತದೆ. ಅದೇ ಧೈರ್ಯದಲ್ಲಿ ನಿಮಗೂ ಬರೆಯುತ್ತಿದ್ದೇನೆ. ಇಂಗ್ಲಿಷ್ ಪ್ರತಿ ಅಂಚೆಯಲ್ಲಿ ಬರುತ್ತದೆ.

ಕೇಳುವುದು ಒಂದೇ. ಟೇಬಲನ್ನು ಮಕ್ಕಳೇ ಕಟ್ಟಲಿ. ಯಾರೋ ಕಟ್ಟಿಟ್ಟ ಟೇಬಲಿನ ಮೇಲೆ ಕ್ವೆರಿ, ಅಂದರೆ ಡೇಟಾಬೇಸಿಗೆ ಕೇಳುವ ಪ್ರಶ್ನೆ, ಬರೆಸುವುದನ್ನು ಕಡಿಮೆ ಮಾಡಿ. ಈ ಊರಿನ ಒಂದು ನಿಜವಾದ ಲೆಕ್ಕದ ಪುಸ್ತಕ ಕೈಗೆ ಕೊಟ್ಟು, ಇದನ್ನು ಡೇಟಾಬೇಸ್ ಮಾಡು ಎನ್ನಿ. ಉಳಿದದ್ದೆಲ್ಲ ಅದರ ಹಿಂದೆಯೇ ಬರುತ್ತದೆ.

ಈಗ ಏನಾಗುತ್ತಿದೆ ಹೇಳುತ್ತೇನೆ. ಲ್ಯಾಬಿನ ಮೊದಲ ವಾರ ಮಕ್ಕಳು ಎಂಪ್ (ಉದ್ಯೋಗಿಗಳು), ಡೆಪ್ಟ್ (ವಿಭಾಗಗಳು) ಎಂಬ ಎರಡು ಟೇಬಲ್ ಮಾಡುತ್ತಾರೆ. ಸ್ಮಿತ್, ಕ್ಲರ್ಕ್, ಸಂಬಳ 800. ಕಿಂಗ್, ಪ್ರೆಸಿಡೆಂಟ್, ಸಂಬಳ 5000. ನ್ಯೂಯಾರ್ಕಿನಲ್ಲಿ ಅಕೌಂಟಿಂಗ್, ಡಲ್ಲಾಸಿನಲ್ಲಿ ರಿಸರ್ಚ್, ಶಿಕಾಗೋದಲ್ಲಿ ಸೇಲ್ಸ್. ಒರಾಕಲ್ ಕಂಪನಿ ತನ್ನ ಡೇಟಾಬೇಸ್ ಸಾಫ್ಟ್‌ವೇರ್ ಜೊತೆ ಮಾದರಿಗೆಂದು ಕೊಡುತ್ತಿದ್ದ ಟೇಬಲ್‌ಗಳು ಇವು. 14 ಉದ್ಯೋಗಿಗಳು, 4 ವಿಭಾಗ. ಲಾಗಿನ್ ಹೆಸರು ಸ್ಕಾಟ್, ಪಾಸ್‌ವರ್ಡ್ ಟೈಗರ್. ಸ್ಕಾಟ್ ಅಂದರೆ ಆ ಕಂಪನಿಯ ಶುರುವಿನ ದಿನಗಳ ಒಬ್ಬ ಉದ್ಯೋಗಿ, ಟೈಗರ್ ಅವರ ಮನೆಯ ಬೆಕ್ಕು. ಇದನ್ನು ಹೇಳಿದರೆ ಮಕ್ಕಳು ನಗುತ್ತಾರೆ. ಇಡೀ ಸೆಮಿಸ್ಟರಿನಲ್ಲಿ ನೆನಪು ಉಳಿಯುವುದು ಆ ಬೆಕ್ಕೊಂದೇ ಅಂತ ನನಗೆ ಗುಮಾನಿ.

ಆ ಟೇಬಲ್‌ಗಳು ಕೆಟ್ಟದ್ದೇನಲ್ಲ. ಜಾಣತನದಿಂದಲೇ ಮಾಡಿದ್ದಾರೆ. ಬೋಸ್ಟನ್ನಿನ ಆಪರೇಷನ್ಸ್ ವಿಭಾಗದಲ್ಲಿ ಒಬ್ಬ ಉದ್ಯೋಗಿಯೂ ಇಲ್ಲ. ಎರಡು ಟೇಬಲನ್ನು ಜೋಡಿಸುವುದು ಜಾಯಿನ್; ಜೋಡಿ ಸಿಗದ ಸಾಲನ್ನೂ ಉಳಿಸಿಕೊಳ್ಳುವ ಔಟರ್ ಜಾಯಿನ್ ಕಲಿಸಲು ಅದು ಹೇಳಿ ಮಾಡಿಸಿದ ಹಾಗಿದೆ. ಕಿಂಗ್‌ಗೆ ಮ್ಯಾನೇಜರ್ ಇಲ್ಲ, ಆ ಜಾಗದಲ್ಲಿ ನಲ್, ಅಂದರೆ ಏನೂ ಬರೆಯದ ಖಾಲಿ. ಒಂದು ಟೇಬಲ್ ತನ್ನ ಜೊತೆಗೇ ಜಾಯಿನ್ ಆಗುವುದನ್ನೂ ಅಲ್ಲೇ ತೋರಿಸಬಹುದು. ಆದರೆ ಯೋಚನೆ ಮಾಡುವ ಕೆಲಸವನ್ನೆಲ್ಲ ಅದನ್ನು ಮಾಡಿದವರು ಮುಗಿಸಿಬಿಟ್ಟಿದ್ದಾರೆ. ಯಾವುದು ಯಾವ ಟೇಬಲಿಗೆ ಹೋಗಬೇಕು, ಒಂದು ಸಾಲನ್ನು ಇನ್ನೊಂದರಿಂದ ಬೇರೆ ಮಾಡಿ ಗುರುತಿಸುವ ಕೀ ಯಾವುದು, ವಿಭಾಗದ ಹೆಸರು ಉದ್ಯೋಗಿಯ ಸಾಲಿನಲ್ಲಿ ಯಾಕಿಲ್ಲ, ಇದೆಲ್ಲ ಮೊದಲೇ ತೀರ್ಮಾನ ಆಗಿಹೋಗಿದೆ. ನಮ್ಮ ಮಕ್ಕಳಿಗೆ ಉಳಿದದ್ದು ಟೈಪಿಂಗ್. ಆಮೇಲೆ ರೆಕಾರ್ಡ್ ಬುಕ್ಕಿನಲ್ಲಿ ಚಂದದ ಅಕ್ಷರದಲ್ಲಿ ಬರೆದು, ಔಟ್‌ಪುಟ್ ಅಂಟಿಸಿ, ನನ್ನ ಸೈನ್ ಹಾಕಿಸಿಕೊಳ್ಳುವುದು. ಹಿಂದಿನ ವರ್ಷದ ರೆಕಾರ್ಡ್ ನೋಡಿ ಬರೆದರೂ ಏನೂ ವ್ಯತ್ಯಾಸ ಆಗುವುದಿಲ್ಲ. ಸ್ಮಿತ್‌ನ ಸಂಬಳ ಇನ್ನೂ 800.

ಈಗ ಹಾಲಿನ ಸೊಸೈಟಿಯ ಪುಸ್ತಕ ನೋಡಿ. ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಯಾವ ಕಡೆ ಹೋದರೂ ದನ ಸಾಕುವ ಮನೆಗಳಿವೆ. ನನ್ನ ಕ್ಲಾಸಿನಲ್ಲೇ ಬೆಳಿಗ್ಗೆ ಹಾಲು ಕೊಟ್ಟು ಕಾಲೇಜಿಗೆ ಬರುವವರಿದ್ದಾರೆ. ಪುಸ್ತಕದ ಒಂದು ಸಾಲಿನಲ್ಲಿ ಇರುವುದು ಸದಸ್ಯ ನಂಬರ್, ತಾರೀಕು, ಬೆಳಿಗ್ಗೆಯೋ ಸಂಜೆಯೋ, ಎಷ್ಟು ಲೀಟರ್, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ಎಷ್ಟು, ದರ, ಮೊತ್ತ. ಅಷ್ಟೇ. ಒಂದು ದಿನ ಆ ಸಾಲನ್ನು ಬೋರ್ಡಿನಲ್ಲಿ ಬರೆದು, ಇದಕ್ಕೆ ಪ್ರೈಮರಿ ಕೀ ಯಾವುದು ಎಂದು ಕೇಳಿದೆ.

"ಸದಸ್ಯ ನಂಬರ್, ಟೀಚರೇ."

"ಹಾಗಾದರೆ ಅವರು ನಾಳೆ ಹಾಲು ತರುವ ಹಾಗಿಲ್ವಾ?"

"ತಾರೀಕೂ ಸೇರಬೇಕು."

"ಸಂಜೆ ತಂದರೆ?"

"ಹೊತ್ತೂ ಸೇರಬೇಕು."

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಟೀಚರೇ, ನಮ್ಮಲ್ಲಿ ಎಮ್ಮೆ ಹಾಲು ಬೇರೆ ಕ್ಯಾನಿನಲ್ಲಿ ಕೊಡುವುದು. ಅದಕ್ಕೆ ಫ್ಯಾಟ್ ಬೇರೆ, ದರ ಬೇರೆ. ಒಂದೇ ಹೊತ್ತಿಗೆ ಎರಡು ಸಾಲು. ಆಗ ಏನು ಮಾಡುವುದು?" ಎಂದಳು. ಕಾಂಪೊಸಿಟ್ ಕೀ (ಹಲವು ಕಾಲಮ್ ಸೇರಿ ಆಗುವ ಕೀ) ಎಂದರೇನು ಎಂಬ ಎರಡು ಮಾರ್ಕಿನ ಪ್ರಶ್ನೆಗೆ ಉತ್ತರ ಕಲಿತ ಮಕ್ಕಳು ಇಂಥದ್ದನ್ನು ಕೇಳಿದ್ದನ್ನು ನಾನು ನೋಡಿಲ್ಲ. ಅವಳಿಗೆ ಹಾಲಿನ ಲೆಕ್ಕ ಗೊತ್ತಿತ್ತು, ಅದಕ್ಕೇ ಕೇಳಿದಳು. ಹಾಲಿನ ಬಗೆಯನ್ನೂ ಕೀಯಲ್ಲಿ ಸೇರಿಸಬೇಕಾ, ಇಲ್ಲ ಪ್ರತಿ ಸಾಲಿಗೂ ಒಂದು ರಶೀದಿ ನಂಬರ್ ಕೊಟ್ಟುಬಿಡಬೇಕಾ ಎಂದು ಆ ದಿನ ಗಂಟೆ ಹೊಡೆಯುವವರೆಗೂ ವಾದ ನಡೆಯಿತು.

ಅದೇ ಪುಸ್ತಕದಲ್ಲಿ ಇನ್ನೊಂದು ಪ್ರಶ್ನೆ. ಫ್ಯಾಟ್ ನೋಡುವ ಮಿಶನ್ ಕೆಟ್ಟ ದಿನ ಆ ಕಾಲಮ್ಮಿನಲ್ಲಿ ಏನು ಬರೆಯುವುದು? ಸುಮ್ನೆ ಸೊನ್ನೆ ಹಾಕಿಬಿಡಬಹುದಾ? ಮೂರು ಹೊತ್ತಿನ ಹಾಲಿನಲ್ಲಿ ಎರಡರ ಫ್ಯಾಟ್ 4, ಇನ್ನೊಂದರದ್ದು ಗೊತ್ತಿಲ್ಲ. ನಲ್ ಇಟ್ಟರೆ ಸರಾಸರಿ 4 ಬರುತ್ತದೆ, ಯಾಕೆಂದರೆ ಸರಾಸರಿ ತೆಗೆಯುವಾಗ ನಲ್ ಇರುವ ಸಾಲನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಸೊನ್ನೆ ಇಟ್ಟರೆ 2.67. ಹಾಲಿಗೆ ನೀರು ಸೇರಿಸಿದ ಹಾಗೆ ಕಾಣುತ್ತದೆ. ಗೊತ್ತಿಲ್ಲ ಎನ್ನುವುದಕ್ಕೂ ಇಲ್ಲ ಎನ್ನುವುದಕ್ಕೂ ಇರುವ ವ್ಯತ್ಯಾಸ ಅಲ್ಲಿ ದುಡ್ಡಿನಲ್ಲೇ ಕಾಣುತ್ತದೆ.

ಇವತ್ತು ಯಾರು ಹಾಲು ತಂದಿಲ್ಲ ಎಂದು ಹುಡುಕಲು ಹೇಳಿದರೆ ಎಲ್ಲರೂ ನಾಟ್ ಇನ್ ಬರೆಯುತ್ತಾರೆ. ಸದಸ್ಯರ ಪಟ್ಟಿಯಲ್ಲಿದ್ದು ಇವತ್ತಿನ ಪಟ್ಟಿಯಲ್ಲಿ ಇಲ್ಲದ ನಂಬರ್‌ಗಳು. ಸರಿಯೇ ಇದೆ. ಆದರೆ ಇವತ್ತಿನ ಪಟ್ಟಿಯಲ್ಲಿ ಒಂದೇ ಒಂದು ಸಾಲಿನಲ್ಲಿ ಸದಸ್ಯ ನಂಬರ್ ಹಾಕಲು ಮರೆತು ನಲ್ ಉಳಿದಿದ್ದರೆ ಕ್ವೆರಿ ಒಬ್ಬರ ಹೆಸರನ್ನೂ ಕೊಡುವುದಿಲ್ಲ. ಖಾಲಿ ಉತ್ತರ. ಆ ಗೊತ್ತಿಲ್ಲದ ನಂಬರ್ ಇವರದ್ದೇ ಇರಬಹುದಲ್ಲ ಎಂದು ಎಸ್‌ಕ್ಯೂಎಲ್ (ಕ್ವೆರಿ ಬರೆಯುವ ಭಾಷೆ) ಪ್ರತಿಯೊಬ್ಬರ ಬಗ್ಗೆಯೂ ಅನುಮಾನ ಇಟ್ಟುಕೊಳ್ಳುತ್ತದೆ. ನಾಟ್ ಎಕ್ಸಿಸ್ಟ್ಸ್ ಬರೆದರೆ ಈ ತೊಂದರೆ ಇಲ್ಲ. ಕೀಯ ಭಾಗವಾದ ಕಾಲಮ್ಮಿನಲ್ಲಿ ನಲ್ ಬಿಡಬಾರದು ಎಂಬ ನಿಯಮ ಯಾಕಿದೆ ಎಂದೂ ಇಲ್ಲೇ ಗೊತ್ತಾಗುತ್ತದೆ. ಎಂಪ್ ಟೇಬಲಿನಲ್ಲೂ ಇದನ್ನು ತೋರಿಸಬಹುದು, ನಾನು ತೋರಿಸಿದ್ದೇನೆ. ಯಾರಿಗೂ ಏನೂ ಅನಿಸಲಿಲ್ಲ. ಸ್ಮಿತ್ ಯಾರಿಗೂ ನೆಂಟನಲ್ಲ, ಅಲ್ವಾ.

ನನಗೆ ಇಷ್ಟವಾದದ್ದು ಹಿಂಡಿಯ ಲೆಕ್ಕ. ದಯವಿಟ್ಟು ಇದನ್ನು ಸ್ವಲ್ಪ ನಿಧಾನ ಓದಿ. ಸದಸ್ಯರು ಸೊಸೈಟಿಯಿಂದಲೇ ಹಿಂಡಿ ಸಾಲಕ್ಕೆ ಒಯ್ಯುತ್ತಾರೆ. ಹಾಲಿನ ದುಡ್ಡಿನಲ್ಲಿ ಅದನ್ನು ಹಿಡಿದುಕೊಂಡು ಉಳಿದದ್ದು ಕೈಗೆ ಬರುತ್ತದೆ. ಒಬ್ಬರು 30 ದಿನ ಎರಡು ಹೊತ್ತು ಹಾಲು ಕೊಟ್ಟರು ಅಂತ ಇಟ್ಟುಕೊಳ್ಳಿ. 60 ಸಾಲು. ಒಂದೊಂದಕ್ಕೆ 200 ರೂಪಾಯಿ, ಒಟ್ಟು 12,000. ಆ ತಿಂಗಳು ಮೂರು ಚೀಲ ಹಿಂಡಿ ತೆಗೆದುಕೊಂಡರು. ಚೀಲಕ್ಕೆ 1,500, ಒಟ್ಟು 4,500. ಕೈಗೆ ಬರಬೇಕಾದದ್ದು 7,500.

ಕ್ಲಾಸಿನಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಮಾಡುವುದು ಹೀಗೆ. ಸದಸ್ಯರ ಟೇಬಲು, ಹಾಲಿನ ಟೇಬಲು, ಹಿಂಡಿಯ ಟೇಬಲು ಮೂರನ್ನೂ ಸದಸ್ಯ ನಂಬರ್ ಮೇಲೆ ಜಾಯಿನ್ ಮಾಡಿ, ಗ್ರೂಪ್ ಬೈ ಹಾಕಿ (ಒಬ್ಬೊಬ್ಬ ಸದಸ್ಯರ ಸಾಲುಗಳನ್ನು ಗುಂಪು ಮಾಡಿ ಕೂಡಿಸಿ), ಹಾಲಿನ ಮೊತ್ತದಿಂದ ಹಿಂಡಿಯ ಮೊತ್ತ ಕಳೆಯುತ್ತಾರೆ. ನೋಡಲು ಒಳ್ಳೆಯ ಕ್ವೆರಿ. ಎರರ್ ಬರುವುದಿಲ್ಲ. ಆದರೆ ಜಾಯಿನ್ ಆಗುವಾಗ 60 ಸಾಲುಗಳಲ್ಲಿ ಪ್ರತಿಯೊಂದೂ 3 ಸಾಲುಗಳ ಜೊತೆ ಸೇರಿ 180 ಆಗುತ್ತದೆ. ಹಾಲಿನ ದುಡ್ಡು ಮೂರು ಸಲ ಲೆಕ್ಕಕ್ಕೆ ಬಂತು, 36,000. ಹಿಂಡಿಯ ದುಡ್ಡು ಅರವತ್ತು ಸಲ ಬಂತು, 2,70,000. ಕಳೆದರೆ ಸದಸ್ಯರೇ ಸೊಸೈಟಿಗೆ 2,34,000 ರೂಪಾಯಿ ಬಾಕಿ! ತಿಂಗಳಿಡೀ ದನ ಕರೆದು ಹಾಲು ಕೊಟ್ಟವರ ಮನೆ ಜಪ್ತಿ ಮಾಡಬೇಕಾದೀತು.

ಪರದೆಯ ಮೇಲೆ ಆ ಸಂಖ್ಯೆ ಬಂದಾಗ ಇಡೀ ಲ್ಯಾಬು ನಕ್ಕಿತು. ಆಮೇಲೆ ಯಾಕೆ ಹೀಗಾಯಿತು ಎಂದು ಅವರೇ ಹುಡುಕಿದರು. ಗ್ರೂಪ್ ಬೈ ತೆಗೆದು ಬರೀ ಸಾಲುಗಳನ್ನು ನೋಡಿದರು, ಒಂದೇ ತಾರೀಕಿನ ಹಾಲು ಮೂರು ಮೂರು ಸಲ ಕಂಡಿತು. ಹಾಲನ್ನು ಬೇರೆ ಕೂಡಿಸಿ, ಹಿಂಡಿಯನ್ನು ಬೇರೆ ಕೂಡಿಸಿ, ಆಮೇಲೆ ಜಾಯಿನ್ ಮಾಡಬೇಕು ಎಂಬುದು ನಾನು ಹೇಳುವ ಮೊದಲೇ ಬಂತು. ಸ್ಮಿತ್‌ನ ಲೆಕ್ಕ ತಪ್ಪಿದರೆ ಅವರಿಗೆ ಗೊತ್ತಾಗುತ್ತಿರಲಿಲ್ಲ. ಅವನ ಸಂಬಳ ಎಷ್ಟಿರಬೇಕು ಎಂಬ ಅಂದಾಜು ಇಲ್ಲಿ ಯಾರಿಗಿದೆ? ತಪ್ಪು ಉತ್ತರವನ್ನು ಇದು ತಪ್ಪು ಎಂದು ಗುರುತಿಸಲು ಸರಿ ಉತ್ತರದ ಅಂದಾಜು ತಲೆಯಲ್ಲಿ ಇರಬೇಕು. ಕೆಲಸಕ್ಕೆ ಹೋದ ಮೇಲೆ ಅವರಿಗೆ ಬೇಕಾಗುವುದು ಇದೇ. ಸಿಂಟ್ಯಾಕ್ಸ್ ಎಲ್ಲಿ ಬೇಕಾದರೂ ಸಿಗುತ್ತದೆ, ಈಗಂತೂ ಕೇಳಿದರೆ ಫೋನೇ ಬರೆದುಕೊಡುತ್ತದೆ. ಅದು ಬರೆದುಕೊಟ್ಟ ಕ್ವೆರಿ 2,34,000 ಎಂದರೆ ನಂಬಬೇಕೋ ಬೇಡವೋ ಎಂದು ಹೇಳುವವರು ಬೇಕು.

ನಾರ್ಮಲೈಸೇಶನ್ (ಒಂದೇ ಮಾಹಿತಿ ಮತ್ತೆ ಮತ್ತೆ ಬರದ ಹಾಗೆ ಟೇಬಲ್ ಒಡೆಯುವುದು) ಕಥೆಯೂ ಬೇರೆಯಲ್ಲ. ನಮ್ಮಲ್ಲಿ ಅದನ್ನು ಎ, ಬಿ, ಸಿ, ಡಿ ಅಕ್ಷರಗಳಲ್ಲಿ ಕಲಿಸುತ್ತೇವೆ. ಎ ಯಿಂದ ಬಿ ಗೆ ಬಾಣ (ಎ ಗೊತ್ತಿದ್ದರೆ ಬಿ ಗೊತ್ತಾಯಿತು ಎಂದರ್ಥ), ಬಿ ಯಿಂದ ಸಿ ಗೆ ಬಾಣ, ಇದು ಯಾವ ನಾರ್ಮಲ್ ಫಾರ್ಮ್ ಹೇಳಿ. ಮಕ್ಕಳು ಗಣಿತದ ಹಾಗೆ ಬಿಡಿಸಿ ಪೂರ್ತಿ ಮಾರ್ಕು ತೆಗೆಯುತ್ತಾರೆ. ಆ ಬಾಣ ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ.

ಅಡಿಕೆ ಅಂಗಡಿಗೆ ಕಳಿಸಿದರೆ ಕೇಳಲೇಬೇಕಾಗುತ್ತದೆ. ಅಲ್ಲಿಯ ಪುಸ್ತಕದಲ್ಲಿ ತಾರೀಕು, ಕೃಷಿಕರ ಹೆಸರು, ಊರು, ಫೋನ್, ಅಡಿಕೆಯ ಬಗೆ, ತೂಕ, ದರ, ಮೊತ್ತ ಇರುತ್ತದೆ. ಬಗೆ ಅಂದರೆ ಹೊಸತು, ಹಳತು, ಪಟೋರ, ಉಳ್ಳಿಗಡ್ಡೆ, ಕರಿಗೋಟು. ಹೆಸರು, ಊರು, ಫೋನ್ ಪ್ರತಿ ಸಾಲಿನಲ್ಲೂ ಬರುತ್ತದೆ. ಫೋನ್ ಬದಲಾದರೆ ಎಷ್ಟು ಕಡೆ ತಿದ್ದುವುದು? ಇನ್ನೂ ಅಡಿಕೆ ತಾರದ ಹೊಸ ಗಿರಾಕಿಯ ಫೋನ್ ಎಲ್ಲಿ ಬರೆದಿಡುವುದು? ಅಲ್ಲಿವರೆಗೆ ಸುಲಭ. ಕೃಷಿಕರಿಗೆ ಒಂದು ಟೇಬಲ್ ಮಾಡಿ ಮುಗಿಸುತ್ತಾರೆ. ಆಮೇಲೆ ಉತ್ಸಾಹದಲ್ಲಿ ದರವನ್ನೂ ಸಾಲಿನಿಂದ ಕಿತ್ತು, ಬಗೆ ಮತ್ತು ದರದ ಬೇರೆ ಟೇಬಲಿಗೆ ಹಾಕುತ್ತಾರೆ. ಒಂದೇ ಬಗೆಗೆ ಒಂದೇ ದರ ಅಲ್ವಾ, ಯಾಕೆ ಪ್ರತಿ ಸಾಲಿನಲ್ಲಿ ಬರೆಯಬೇಕು? ನಾಳೆ ದರ ಬದಲಾಯಿಸಿದ ಕೂಡಲೇ ಹೋದ ವರ್ಷದ ಬಿಲ್ಲುಗಳೆಲ್ಲ ಹೊಸ ದರದಲ್ಲಿ ಕುಣಿಯುತ್ತವೆ.

ಸರಿ, ದರದ ಟೇಬಲಿಗೆ ತಾರೀಕು ಸೇರಿಸೋಣ ಎನ್ನುತ್ತಾರೆ. ಬಗೆ ಮತ್ತು ತಾರೀಕು ಗೊತ್ತಿದ್ದರೆ ದರ ಗೊತ್ತಾಯಿತು, ಬಾಣ ಹಾಕಬಹುದು. ಆಗ ಅಂಗಡಿಯವರನ್ನು ಕೇಳಿ ಬರಲು ಹೇಳುತ್ತೇನೆ. ಒಂದೇ ದಿನ ಒಂದೇ ಬಗೆಯ ಅಡಿಕೆಗೆ ಇಬ್ಬರಿಗೆ ಬೇರೆ ಬೇರೆ ದರ ಕೊಡುವುದುಂಟಾ? "ಕೊಡ್ತೇವೆ ಮಾರಾಯ್ರೇ, ಮಾಲು ನೋಡಿ ಕೊಡುವುದು." ಅಲ್ಲಿಗೆ ಆ ಬಾಣ ಬಿತ್ತು. ದರ ಆ ವ್ಯಾಪಾರದ್ದೇ, ಆ ಸಾಲಿನಲ್ಲೇ ಇರಬೇಕು. ಈ ಬಾಣವನ್ನು, ಅಂದರೆ ಫಂಕ್ಷನಲ್ ಡಿಪೆಂಡೆನ್ಸಿಯನ್ನು, ಡೇಟಾ ನೋಡಿ ಊಹಿಸಲು ಬರುವುದಿಲ್ಲ, ವ್ಯಾಪಾರ ನಡೆಸುವವರನ್ನು ಕೇಳಬೇಕು. ಇದನ್ನು ಅಂಗಡಿಯವರು ಒಂದು ಮಾತಿನಲ್ಲಿ ಕಲಿಸಿದರು. ನನ್ನ ಕೈಯಲ್ಲಿ ಒಂದು ಇಡೀ ಮಾಡ್ಯೂಲಿನಲ್ಲಿ ಅದು ಆಗಿರಲಿಲ್ಲ.

ಯಕ್ಷಗಾನದ ಹುಚ್ಚಿನವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಕುಂಬಳೆ ಸೀಮೆ ಅಲ್ವಾ. ಅವರಿಗೆ ಮೇಳದ ಆಟಗಳ ಲೆಕ್ಕ ಕೊಟ್ಟರೆ ಸಾಕು. ಯಾವ ಆಟ, ಯಾವ ಪ್ರಸಂಗ, ಯಾರು, ಯಾವ ಪಾತ್ರ. ಕಲಾವಿದ ಮತ್ತು ಪಾತ್ರ ಒಂದು ಟೇಬಲಿನಲ್ಲಿ, ಕಲಾವಿದ ಮತ್ತು ಪ್ರಸಂಗ ಇನ್ನೊಂದರಲ್ಲಿ ಎಂದು ಒಡೆದರೆ, ಒಂದು ಪ್ರಸಂಗದಲ್ಲಿ ಕೃಷ್ಣ, ಇನ್ನೊಂದರಲ್ಲಿ ಹನುಮಂತ ಮಾಡಿದವರು ಜಾಯಿನ್ ಆದ ಮೇಲೆ ಎರಡರಲ್ಲೂ ಎರಡೂ ವೇಷ ಕಟ್ಟಿದಂತೆ ಬರುತ್ತದೆ. ಇಲ್ಲದ ವೇಷ ರಂಗಸ್ಥಳಕ್ಕೆ ಬಂದರೆ ಅವರಿಗೆ ತಕ್ಷಣ ಗೊತ್ತಾಗುತ್ತದೆ.

ಇನ್ನು ನಮ್ಮ ಊರಿನದ್ದೇ ಆದ ಒಂದು ತೊಡಕು. ಇಲ್ಲಿಯ ಲೆಕ್ಕದ ಪುಸ್ತಕದಲ್ಲಿ ಕನ್ನಡವೂ ಇರುತ್ತದೆ, ಮಲಯಾಳವೂ ಇರುತ್ತದೆ. ಎಂಪ್ ಟೇಬಲಿನಲ್ಲಿ ಹೆಸರಿಗೆ ಹತ್ತು ಅಕ್ಷರ ಸಾಕಾಗುತ್ತದೆ. ನಮ್ಮ ಹುಡುಗನೊಬ್ಬ ಒರಾಕಲಿನಲ್ಲಿ ಊರಿನ ಹೆಸರಿಗೆ ವಾರ್‌ಕ್ಯಾರ್2, 20 (ಅಕ್ಷರಗಳ ಕಾಲಮ್, ಉದ್ದ 20) ಎಂದು ಇಟ್ಟು ಕಾಸರಗೋಡು ಎಂದು ಟೈಪ್ ಮಾಡಿದ. ಹಿಡಿಸುವುದಿಲ್ಲ ಎಂದಿತು. ಒರಾಕಲಿನಲ್ಲಿ ಬೇರೆ ಏನೂ ಹೇಳದಿದ್ದರೆ ಆ 20 ಎಂಬುದು ಬೈಟ್ ಲೆಕ್ಕ. ಯುಟಿಎಫ್-8ರಲ್ಲಿ (ಎಲ್ಲ ಲಿಪಿಗಳನ್ನೂ ಬೈಟ್ ಮಾಡಿ ಬರೆದಿಡುವ ಪದ್ಧತಿ) ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಬೇಕು. ಕಾಸರಗೋಡು ಎಂದು ಬರೆಯಲು ಅಕ್ಷರ, ದೀರ್ಘ, ಕೊಂಬು ಎಲ್ಲ ಸೇರಿ 8 ಸಂಕೇತ. ಅಂದರೆ 24 ಬೈಟ್. ಜಿಲ್ಲೆಯ ಹೆಸರೇ ಜಿಲ್ಲೆಯ ಲ್ಯಾಬಿನಲ್ಲಿ ಹಿಡಿಸಲಿಲ್ಲ. ಮೈಎಸ್‌ಕ್ಯೂಎಲ್ ಎಂಬ ಇನ್ನೊಂದು ಡೇಟಾಬೇಸಿನಲ್ಲಿ ಅದೇ 20 ಬೈಟಿನ ಲೆಕ್ಕ ಅಲ್ಲ, ಸಂಕೇತಗಳ ಲೆಕ್ಕ, ಹಾಗಾಗಿ ಆರಾಮವಾಗಿ ಕೂರುತ್ತದೆ. ಆದರೆ ಹಳೆ ಮೈಎಸ್‌ಕ್ಯೂಎಲ್ಲಿನ ಯುಟಿಎಫ್-8 ಮೂರು ಬೈಟಿಗೇ ನಿಲ್ಲುತ್ತದೆ. 2024ರಲ್ಲಿ ಯುನಿಕೋಡಿಗೆ ತುಳು-ತಿಗಳಾರಿ ಲಿಪಿ ಸೇರಿತಲ್ಲ, ಅದಕ್ಕೆ ನಾಲ್ಕು ಬೈಟ್ ಬೇಕು. ಈಗ ಹೇಳಿ, ಡೇಟಾಟೈಪ್ ಎಂಬ ಪಾಠ ನಮ್ಮ ಊರಿನಲ್ಲಿ ಎಷ್ಟು ರುಚಿಯಾಗಬಹುದು.

ಅಕಾರಾದಿ ಜೋಡಿಸುವುದೂ ಹಾಗೆಯೇ. ಮಾಲತಿ, ಮಾಹಿನ್, ಮಾಳವಿಕಾ. ಶಾಲೆಯಲ್ಲಿ ಕಲಿತ ವರ್ಣಮಾಲೆಯಲ್ಲಿ ಳ ಕೊನೆಗೆ, ಹ ಆದ ಮೇಲೆ. ಯುನಿಕೋಡಿನ ಸಂಖ್ಯೆಯಲ್ಲಿ ಳ ಇರುವುದು ಲ ಆದ ಕೂಡಲೇ. ಎಸ್‌ಕ್ಯುಲೈಟ್ ಎಂಬ ಚಿಕ್ಕ ಡೇಟಾಬೇಸನ್ನು ಅದರ ಪಾಡಿಗೆ ಬಿಟ್ಟರೆ ಸಂಖ್ಯೆ ನೋಡಿ ಜೋಡಿಸಿ ಮಾಳವಿಕಾಳನ್ನು ಮಾಹಿನ್‌ಗಿಂತ ಮುಂದೆ ನಿಲ್ಲಿಸುತ್ತದೆ. ಕೊಲೇಶನ್ (ಅಕ್ಷರ ಜೋಡಿಸುವ ಕ್ರಮ) ಎಂದರೆ ಏನು ಎಂದು ಆಗ ವಿವರಿಸಬೇಕಾದ್ದೇ ಇಲ್ಲ. ಊರುಗಳದ್ದು ಇನ್ನೊಂದು ಕಥೆ. ಒಬ್ಬರು ಮಂಜೇಶ್ವರ ಎಂದು ಬರೆಯುತ್ತಾರೆ, ಒಬ್ಬರು ಮಂಜೇಶ್ವರಂ. ಕುಂಬಳೆ, ಕುಂಬ್ಳ. ಊರುವಾರು ಗ್ರೂಪ್ ಬೈ ಹಾಕಿದರೆ ಒಂದೇ ಊರು ಎರಡಾಗಿ ಬರುತ್ತದೆ. ಊರಿಗೆ ಒಂದು ನಂಬರ್ ಕೊಟ್ಟು, ಹೆಸರುಗಳಿಗೆ ಭಾಷೆಯ ಕಾಲಮ್ ಇರುವ ಬೇರೆ ಟೇಬಲ್ ಮಾಡಿದರೆ ಜಗಳ ಮುಗಿಯಿತು. ಫಾರಿನ್ ಕೀ (ಇನ್ನೊಂದು ಟೇಬಲಿನ ಸಾಲನ್ನು ತೋರಿಸುವ ನಂಬರ್) ಯಾಕೆ ಬೇಕು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಫಸ್ಟ್ ನೇಮ್, ಲಾಸ್ಟ್ ನೇಮ್ ಕಾಲಮ್‌ಗಳ ಕಷ್ಟ ಹೇಳುವುದೇ ಬೇಡ. ನಮ್ಮಲ್ಲಿ ಕೆಲವರಿಗೆ ಮನೆಯ ಹೆಸರು, ಕೆಲವರಿಗೆ ಅಪ್ಪನ ಹೆಸರು, ಕೆಲವರಿಗೆ ಕೊನೆಯಲ್ಲಿ ಎರಡು ಇನಿಶಿಯಲ್ ಮಾತ್ರ.

ಭಾಷೆಯ ಮಾತು ಬಂತು. ನಮ್ಮ ಮಕ್ಕಳಲ್ಲಿ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು ಹಲವರು. ಪದವಿಯಲ್ಲಿ ಪುಸ್ತಕ ಇಂಗ್ಲಿಷಿನಲ್ಲಿ, ಕ್ಲಾಸಿನ ವಿವರಣೆ ಅರ್ಧ ಇಂಗ್ಲಿಷು ಅರ್ಧ ಮಲಯಾಳ, ನಾನಿದ್ದರೆ ಸ್ವಲ್ಪ ಕನ್ನಡ. ಪ್ರೈಮರಿ ಕೀ, ಜಾಯಿನ್ ಇವಕ್ಕೆಲ್ಲ ಕನ್ನಡ ಪದ ಹುಟ್ಟಿಸಿ ಎಂದು ಕೇಳುತ್ತಿಲ್ಲ. ಅವು ಹಾಗೇ ಇರಲಿ. ಕಾರಣ ಹೇಳುವ ಭಾಷೆ ಮಕ್ಕಳದ್ದಾಗಲಿ, ಅಷ್ಟೇ.

ಒಂದು ವೈವಾ (ಬಾಯಿಮಾತಿನ ಪರೀಕ್ಷೆ) ನಡೆದದ್ದು ಹೇಳುತ್ತೇನೆ. ಹೊರಗಿನಿಂದ ಬಂದ ಎಕ್ಸ್‌ಟರ್ನಲ್ ಥರ್ಡ್ ನಾರ್ಮಲ್ ಫಾರ್ಮ್ ಎಂದರೇನು ಎಂದು ಕೇಳಿದರು. ಒಬ್ಬ ಹುಡುಗಿ ಪುಸ್ತಕದ ವ್ಯಾಖ್ಯೆಯನ್ನು ಉಸಿರು ಬಿಡದೆ ಇಂಗ್ಲಿಷಿನಲ್ಲಿ ಒಪ್ಪಿಸಿದಳು. ಪೂರ್ತಿ ಮಾರ್ಕು. ಅವಳ ಹಿಂದೆ ಬಂದ ಹುಡುಗನನ್ನು, ಈ ಟೇಬಲನ್ನು ಯಾಕೆ ಎರಡು ಮಾಡಿದೆ ಎಂದು ಕೇಳಿದರು. ಒಳ್ಳೆಯ ಪ್ರಶ್ನೆಯೇ. ಹುಡುಗ ಇಂಗ್ಲಿಷಿನಲ್ಲಿ ಎರಡು ಮಾತು ಆಡಿ ನಿಂತ. ಆಮೇಲೆ ಕನ್ನಡದಲ್ಲಿ, "ಇಲ್ಲದಿದ್ದರೆ ಫೋನ್ ನಂಬರ್ ಬದಲಾದಾಗ ಎಲ್ಲ ಸಾಲು ತಿದ್ದಬೇಕು. ಒಂದು ಬಿಟ್ಟುಹೋದರೆ ಯಾವುದು ಸರಿ ಅಂತ ಗೊತ್ತಾಗುವುದಿಲ್ಲ" ಎಂದ. ಅದಕ್ಕಿಂತ ಸರಿಯಾದ ಉತ್ತರ ಇಲ್ಲ. ಎಕ್ಸ್‌ಟರ್ನಲ್‌ಗೆ ಕನ್ನಡ ಬಾರದು. ನಾನು ಅರ್ಥ ಹೇಳಲು ಹೋದರೆ ಇಂಟರ್ನಲ್ ಮಧ್ಯೆ ಮಾತಾಡಬಾರದು ಎಂದರು. ನಿಯಮದ ಪ್ರಕಾರ ಅವರು ಹೇಳಿದ್ದೂ ಸರಿ. ಹುಡುಗನಿಗೆ ಅರ್ಧ ಮಾರ್ಕು ಹೋಯಿತು. ಮಂಜೇಶ್ವರ, ಕಾಸರಗೋಡು ತಾಲೂಕಿನ ಕಾಲೇಜುಗಳಿಗೆ ಕನ್ನಡ ಬರುವ ಎಕ್ಸ್‌ಟರ್ನಲ್ ಹಾಕುವುದು ದೊಡ್ಡ ಕೆಲಸವೇನಲ್ಲ. ಈ ಎರಡು ತಾಲೂಕಿನಲ್ಲೇ ಕನ್ನಡ ಬರುವ ಅಧ್ಯಾಪಕರಿದ್ದಾರೆ, ಒಬ್ಬರನ್ನೊಬ್ಬರ ಕಾಲೇಜಿಗೆ ಕಳಿಸಿದರೆ ಆಯಿತು.

ಪರೀಕ್ಷೆಯ ಬಗ್ಗೆ ಒಂದು ಮಾತು. ಥಿಯರಿ ಪೇಪರಿನಲ್ಲಿ ಕ್ವೆರಿಯನ್ನು ಕಾಗದದ ಮೇಲೆ ಬರೆಸುತ್ತೇವೆ. ಸೆಮಿಕೋಲನ್ ಬಿಟ್ಟರೆ ಮಾರ್ಕು ಕಳೆಯುವವರಿದ್ದಾರೆ. 2,34,000 ಬಾಕಿ ಬರುವ ಕ್ವೆರಿ ಬರೆದರೆ ಪೂರ್ತಿ ಮಾರ್ಕು ಕೊಡುವವರೂ ಇದ್ದಾರೆ, ಯಾಕೆಂದರೆ ಓಡಿಸಿ ನೋಡುವ ಹಾಗಿಲ್ಲ. ಕಾಗದದ ಮೇಲೆ ಡಿಸೈನ್ ಕೇಳಿ. ಒಂದು ಅಂಗಡಿಯ ಪುಸ್ತಕದ ಪುಟ ಅಚ್ಚು ಹಾಕಿ, ಟೇಬಲ್ ಮಾಡಿ, ಕಾರಣ ಬರೆಯಿರಿ ಎನ್ನಿ. ಕ್ವೆರಿಯನ್ನು ಕಂಪ್ಯೂಟರಿನ ಎದುರು ಕೂರಿಸಿ ಕೇಳಿ.

ಎಡ್ಗರ್ ಕಾಡ್ ಐಬಿಎಂನ ಸ್ಯಾನ್ ಹೋಸೆ ಲ್ಯಾಬಿನಲ್ಲಿದ್ದಾಗ 1970ರಲ್ಲಿ ರಿಲೇಶನಲ್ ಮಾಡೆಲ್ (ಡೇಟಾವನ್ನೆಲ್ಲ ಟೇಬಲ್ ಮಾಡಿ ನೋಡುವ ಕ್ರಮ) ಬಗ್ಗೆ ಬರೆದದ್ದರ ಮುಖ್ಯ ಆಸೆಯೇ, ಡೇಟಾ ಮಿಶನ್ ಒಳಗೆ ಹೇಗೆ ಕೂತಿದೆ ಎಂಬ ತಲೆನೋವು ಬಳಸುವವರಿಗೆ ಇರಬಾರದು ಎಂದು. 1974ರಲ್ಲಿ ಚೇಂಬರ್ಲಿನ್, ಬಾಯ್ಸ್ ಇಬ್ಬರೂ ಈಗಿನ ಎಸ್‌ಕ್ಯೂಎಲ್ಲಿನ ಮೊದಲ ರೂಪ ತಂದದ್ದೂ ಕಂಪ್ಯೂಟರ್ ಪಂಡಿತರಲ್ಲದವರೂ ಕೇಳಬಹುದಾದ ಭಾಷೆಯೊಂದು ಇರಲಿ ಎಂದು. ಪೀಟರ್ ಚೆನ್ 1976ರಲ್ಲಿ ಇಆರ್ (ಎಂಟಿಟಿ-ರಿಲೇಶನ್‌ಶಿಪ್) ಮಾಡೆಲ್ ಕೊಟ್ಟದ್ದು ಹೊರಗಿನ ಪ್ರಪಂಚವನ್ನು ಚಿತ್ರದಲ್ಲಿ ಹಿಡಿಯಲು. ನಮ್ಮಲ್ಲಿ ಈ ಮೂರೂ ಇಸವಿ ಸಮೇತ ಎರಡು ಮಾರ್ಕಿನ ಪ್ರಶ್ನೆಗಳು. ಕಾಡ್ 1985ರಲ್ಲಿ ಹೇಳಿದ 12 ನಿಯಮಗಳನ್ನು ಬಾಯಿಪಾಠ ಮಾಡಿಸುತ್ತೇವೆ. ಸೊನ್ನೆಯಿಂದ ಎಣಿಸಿದ ಕಾರಣ ಅವು ನಿಜಕ್ಕೆ 13.

ನೀವು ಹೇಳುವುದು ಗೊತ್ತು. ಸಮಯ ಎಲ್ಲಿದೆ? ಆ 12 ನಿಯಮಗಳ ಪಟ್ಟಿ ಬಿಡಿ. ಹೈರಾರ್ಕಿಕಲ್, ನೆಟ್‌ವರ್ಕ್ ಮಾಡೆಲ್‌ಗಳಿಗೆ ಒಂದು ಪುಟ ಸಾಕು. ರಿಲೇಶನಲ್ ಕ್ಯಾಲ್ಕುಲಸ್ ಐಚ್ಛಿಕ ಮಾಡಿ. ರಿಲೇಶನಲ್ ಆಲ್ಜೀಬ್ರಾ ಇರಲಿ, ಅದು ಬಂದವರಿಗೆ ಜಾಯಿನ್ ಚೆನ್ನಾಗಿ ಬರುತ್ತದೆ. ಅಷ್ಟರಲ್ಲಿ ಎರಡು ವಾರ ಸಿಗುತ್ತದೆ.

ಲ್ಯಾಬಿನಲ್ಲಿ ಕಂಪ್ಯೂಟರ್ ಸಾಲದು ಎನ್ನುತ್ತೀರಿ. ನಿಜ, ನಮ್ಮಲ್ಲೂ ಸಾಲದು, ಮಳೆಗಾಲದಲ್ಲಿ ಕರೆಂಟೂ ಸಾಲದು. ಎಸ್‌ಕ್ಯುಲೈಟ್‌ಗೆ ಸರ್ವರ್ ಬೇಡ, ಲೈಸೆನ್ಸ್ ಬೇಡ, ಇಡೀ ಡೇಟಾಬೇಸ್ ಒಂದೇ ಫೈಲು. 2000ದಿಂದ ಇದೆ, ಪ್ರತಿ ಆಂಡ್ರಾಯ್ಡ್ ಫೋನಿನ ಒಳಗೂ ಇದೆ. ಹಳೆ ಲ್ಯಾಪ್‌ಟಾಪಿನಲ್ಲಿ ಸಲೀಸಾಗಿ ಓಡುತ್ತದೆ. ದೊಡ್ಡದು ಬೇಕಾದರೆ ಪೋಸ್ಟ್‌ಗ್ರೆಸ್, ಅದಕ್ಕೂ ದುಡ್ಡಿಲ್ಲ. ಕೇರಳದ ಶಾಲೆಗಳಲ್ಲಿ ಲಿನಕ್ಸ್ ಮುಟ್ಟಿ ಬಂದ ಮಕ್ಕಳಿಗೆ ಇದನ್ನು ಹಾಕಿಕೊಳ್ಳಲು ನಾವು ಕಲಿಸಬೇಕಾಗಿಲ್ಲ.

ನಿಜವಾದ ಪುಸ್ತಕದಲ್ಲಿ ಜನರ ಫೋನ್ ನಂಬರ್, ಸಾಲದ ವಿವರ ಇರುತ್ತದಲ್ಲ ಎಂದರೆ ಆ ಆತಂಕ ನ್ಯಾಯವಾದದ್ದು. ನನ್ನ ಕ್ಲಾಸಿನಲ್ಲಿ ಮಾಲೀಕರ ಒಪ್ಪಿಗೆ ಇಲ್ಲದೆ ಪುಟ ತರುವ ಹಾಗಿಲ್ಲ. ಹೆಸರು, ನಂಬರ್ ಬದಲಾಯಿಸಿಯೇ ಟೈಪ್ ಮಾಡಬೇಕು, ಫೋಟೋ ಅಳಿಸಬೇಕು. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಬಗ್ಗೆ ಅದೇ ದಿನ ಅರ್ಧ ಗಂಟೆ ಮಾತಾಡುತ್ತೇವೆ. ಇದನ್ನೂ ಪಾಠಪಟ್ಟಿಯಲ್ಲೇ ಬರೆದುಬಿಡಿ.

ಅಧ್ಯಾಪಕರಿಗೆ ಕೆಲಸ ಜಾಸ್ತಿ ಆಗುತ್ತದೆ, ಒಪ್ಪಿದೆ. ಒಂದೇ ರೆಕಾರ್ಡಿಗೆ ಸೈನ್ ಹಾಕುವುದಕ್ಕಿಂತ ನಲವತ್ತು ಬೇರೆ ಬೇರೆ ಡಿಸೈನ್ ನೋಡುವುದು ಕಷ್ಟ. ಗಂಟೆ ಲೆಕ್ಕದಲ್ಲಿ ಸಂಬಳ ಎಣಿಸುವ ಗೆಸ್ಟ್ ಲೆಕ್ಚರರ್‌ಗಳಿಗೆ ಇನ್ನೂ ಕಷ್ಟ. ಆ ಮಾತಿಗೆ ಬೇರೆ ಪತ್ರ ಬರೆಯುತ್ತೇನೆ.

ಈಗ ಸದ್ಯಕ್ಕೆ ನಮ್ಮ ಜಿಲ್ಲೆಯ ಒಂದೆರಡು ಕಾಲೇಜಿನಲ್ಲಿ ಒಂದು ಸೆಮಿಸ್ಟರ್ ಪ್ರಯೋಗಕ್ಕೆ ಅನುಮತಿ ಕೊಡಿ. ಲ್ಯಾಬಿನ ಅರ್ಧ ಮಾರ್ಕು ಊರಿನ ಲೆಕ್ಕದ ಪುಸ್ತಕದ ಡಿಸೈನಿಗೆ, ಉಳಿದರ್ಧ ಈಗಿನ ಹಾಗೆ. ವೈವಾದಲ್ಲಿ ಮಕ್ಕಳು ಕನ್ನಡ, ಮಲಯಾಳ, ಇಂಗ್ಲಿಷ್ ಯಾವುದರಲ್ಲಿ ಬೇಕಾದರೂ ಕಾರಣ ಹೇಳಬಹುದು ಎಂದು ಒಂದು ಸಾಲಿನ ಆದೇಶ ಸಾಕು. ಮಾದರಿ ಪ್ರಶ್ನೆಪತ್ರಿಕೆ, ಮಾರ್ಕು ಹಾಕುವ ಕ್ರಮ, ಹೆಸರು ಬದಲಾಯಿಸಿದ ಹಾಲಿನ ಲೆಕ್ಕ ಮತ್ತು ಅಡಿಕೆ ಲೆಕ್ಕದ ಫೈಲುಗಳು ನಮ್ಮ ಹತ್ತಿರ ತಯಾರಿವೆ. ಮೂರು ಭಾಷೆಯಲ್ಲೂ ಮಾಡಿ ಕೊಡುತ್ತೇವೆ. ಮುಂದಿನ ಸಭೆಗೆ ನಮ್ಮಿಬ್ಬರು ಅಧ್ಯಾಪಕರನ್ನೂ, ಹಿಂಡಿಯ ಲೆಕ್ಕ ಸರಿ ಮಾಡಿದ ಒಬ್ಬ ವಿದ್ಯಾರ್ಥಿಯನ್ನೂ ಕರೆಯಿರಿ. ಸಭೆಯನ್ನು ಹತ್ತು ಗಂಟೆಗೆ ಇಟ್ಟರೆ ಮಂಜೇಶ್ವರ ಕಡೆಯವರಿಗೆ ತಲುಪಲು ಕಷ್ಟವಾಗುತ್ತದೆ, ಹನ್ನೊಂದೂವರೆಗೆ ಇಡಿ.

ಇಂತಿ,
ಡಿಬಿಎಂಎಸ್ ಕಲಿಸುವ ಒಬ್ಬ ಟೀಚರ್
ಕಾಸರಗೋಡು